ತಂದೂರಿಗೆ ಹೋದ ಪುಸ್ತಕ

ಮೇ ೧೪, ಬುಧವಾರ, ಓಶ್.

ಹಳ್ಳಿಗಳ ನೀರಿನ ಸರದಿಗೆ ಸಾಫ್ಟ್‌ವೇರ್ ಮಾಡುವ ನಮ್ಮ ಕಂಪನಿ ಈ ತಿಂಗಳು ಮುಚ್ಚಬಹುದು, ಮುಚ್ಚದೆಯೂ ಇರಬಹುದು ಎಂದು ನಮ್ಮ ಒಡತಿ ಚಿನಾರಾ ಇವತ್ತೂ ಹೇಳಿದರು.

ಸಂಜೆ ಹಳ್ಳಿಯಿಂದ ನೀರಗಂಟಿ ಮಾಮತ್‌ಕುಲ್ ಅಜ್ಜನ ಫೋನು.

"ಮಗಾ, ನಿಮ್ಮ ಸಾಫ್ಟ್‌ವೇರ್ ನಿಂತ್ರೆ ಯಾರ ಹೊಲಕ್ಕೆ ಯಾವಾಗ ನೀರು ಬಿಡ್ಲಿ?"

"ನಿಮ್ಮ ಹಳೇ ಸರದಿ ಪುಸ್ತಕ ಇದೆಯಲ್ಲಾ, ಅಜ್ಜಾ?"

"ಉದ್ಘಾಟನೆ ದಿನ ಅದನ್ನ ತಂದೂರಿಗೆ ಹಾಕ್ಸಿ ಫೋಟೋ ತೆಗ್ಸಿದ್ದು ನೀನೇ ಅಲ್ವೇನೋ? ಆ ಬೆಂಕೀಲಿ ಬೆಂದ ರೊಟ್ಟೀನೂ ತಿಂದೆ."

ತಿಂದಿದ್ದೆ. ಚೆನ್ನಾಗಿತ್ತು.

ಕಾಲುವೆ ಊರಿನದು, ಸರ್ವರ್ ಬಾಡಿಗೆಯದು, ಇನ್ನು ಸರದಿ ಯಾರದು? ಪ್ರಾಸ ಸಿಕ್ಕಿತು, ಉತ್ತರ ಸಿಗಲಿಲ್ಲ.

ಆಫೀಸಿನ ಪ್ರಿಂಟರನ್ನು ಹೋದ ವಾರವೇ ಮಾರಿಬಿಟ್ಟರು. ಹಾಗಾಗಿ ಇನ್ನೂರ ಹನ್ನೆರಡು ಮನೆಗಳ ಸರದಿಯನ್ನು ಪರದೆ ನೋಡಿಕೊಂಡು ಕೈಯಾರೆ ನೋಟುಬುಕ್ಕಿಗೆ ಇಳಿಸುತ್ತಿದ್ದೇನೆ. ಮೂವತ್ತೊಂದು ಮುಗಿದವು. ಬೆರಳು ಮರಗಟ್ಟಿದೆ. ಮೂವತ್ತೆರಡನೆಯದು ಬುರುಲ್ ಅಜ್ಜಿಯ ಜೋಳದ ಹೊಲ, ಶುಕ್ರವಾರ ಬೆಳಗಿನ ಜಾವ ನಾಲ್ಕರಿಂದ ಆರರವರೆಗೆ.