ಇನ್ನೂರು ಕುದುರೆಗಳೂ ನಿನ್ನ ತಂಗಿಯೂ

ಸಾರ್ಸಿನಾ,
ಸೆಪ್ಟೆಂಬರ್ ೮, ಸೋಮವಾರ

ಪ್ರೀತಿಯ ಲೋರಿಸಣ್ಣಾ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ಒಳಗೆ ಸ್ಟೀಲ್ ಸರಳು ಇಟ್ಟುಕೊಂಡವನು ಹೊತ್ತು ಹೊತ್ತಿಗೂ ಮಂಡಿಯೂರುವ ಕೆಲಸಕ್ಕೇ ಹೋಗಿ ಸೇರಬೇಕಿತ್ತೇ ಅಂತ ಅಮ್ಮ ವಾರಕ್ಕೊಮ್ಮೆ ಕೇಳುತ್ತಾಳೆ. ದೇವರನ್ನು ಕೇಳುತ್ತಾಳೋ ಅಡುಗೆಮನೆಯ ಗೋಡೆಯನ್ನೋ ಗೊತ್ತಾಗುವುದಿಲ್ಲ. ಬೆಟ್ಟದ ಮೇಲೆ ಆಗಲೇ ಚಳಿ ಶುರುವಾಗಿರಬೇಕು. ಉಣ್ಣೆ ಕಾಲುಚೀಲ ಹಾಕಿಕೊಳ್ಳುವುದು ಮಠದಲ್ಲಿ ಪಾಪವಲ್ಲ ಅಂದುಕೊಂಡಿದ್ದೇನೆ. ಪಾಪವಾದರೂ ಹಾಕಿಕೋ, ಆಮೇಲೆ ಗುಟ್ಟಾಗಿ ಒಪ್ಪಿಕೊಂಡರಾಯಿತು. ಇಲ್ಲಿ ಎಲ್ಲರೂ ಕ್ಷೇಮ. ಅಜ್ಜನಿಗೆ ಕಿವಿ ಇನ್ನಷ್ಟು ಮಂದವಾಗಿದೆ, ಬಾಯಿ ಮಾತ್ರ ಮಂದವಾಗಿಲ್ಲ. ಅಮ್ಮ ಅಂಚೆ ಕಚೇರಿಯ ಕಿಂಡಿಯ ಹಿಂದೆ ಯಥಾಪ್ರಕಾರ ಊರಿನ ಗುಟ್ಟುಗಳನ್ನು ಮುದ್ರೆ ಹೊಡೆದು ಕಳಿಸುತ್ತಿದ್ದಾಳೆ. ಅಪ್ಪನ ವಿಷಯ ಮುಂದೆ ಬರುತ್ತದೆ.

ಈಗ, ಮಾನ್ಯರೇ, ವಿಷಯಕ್ಕೆ. ಸದರಿ ಬೈಕು. ಈ ತಿಂಗಳ ಕೊನೆಗೆ ಸಂತ ಮಿಖಾಯಿಲನ ಹಬ್ಬದ ದಿನ ದೀಕ್ಷೆ, ಅಷ್ಟರೊಳಗೆ ನಿನ್ನದು ಅಂತ ಇರುವುದನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಡಬೇಕು ಅಂತ ಜೂನ್‌ನಲ್ಲಿ ನೀನು ಬರೆದ ಪತ್ರ ಬಂದಾಗ ಮನೆಯಲ್ಲಿ ಯಾರೂ ಪುಸ್ತಕಗಳ ಬಗ್ಗೆ ಕೇಳಲಿಲ್ಲ, ಗಿಟಾರಿನ ಬಗ್ಗೆ ಕೇಳಲಿಲ್ಲ. ಕೊನೆಯ ಸಾಲಿನಲ್ಲಿ ಎಲ್ಲರ ಕಣ್ಣೂ ನೆಟ್ಟಿತು: ಬೈಕು ಇಲೇನಿಯಾಗೆ, ಅವಳಿಗೆ ಹೊಂದುತ್ತದೆ. ಹೊಂದುತ್ತದೆ ಅಂದುಬಿಟ್ಟೆಯಲ್ಲ ಮಹಾನುಭಾವ, ಆ ಒಂದು ಮಾತಿಗೆ ಇಲ್ಲಿ ಬೇಸಿಗೆ ಪೂರ್ತಿ ವಿಚಾರಣೆ ನಡೆಯಿತು. ಇನ್ನೂರು ಕುದುರೆಗಳ ಶಕ್ತಿಯ ಕೆಂಪು ಬೈಕು ಒಂದು ಕಡೆ; ಇನ್ನೊಂದು ಕಡೆ, ಇಪ್ಪತ್ನಾಲ್ಕು ತುಂಬಿತು ಅನ್ನುವ ಒಂದೇ ಯೋಗ್ಯತೆಯ ಮೇಲೆ ಯಾವ ಬೈಕನ್ನು ಬೇಕಾದರೂ ಓಡಿಸಬಹುದೆಂದು ಸರ್ಕಾರದಿಂದ ಹೊಸದಾಗಿ ಲೈಸೆನ್ಸು ಪಡೆದ ನಿನ್ನ ತಂಗಿ. ನಡುವೆ ನ್ಯಾಯಪೀಠ, ಅಂದರೆ ಊಟದ ಮೇಜು.

ಅಮ್ಮನ ವಾದ ಚಿಕ್ಕದು. "ಈ ಮನೆಯಿಂದ ಒಬ್ಬರು ದೇವರ ಹತ್ರ ಹೋಗಿದ್ದು ಸಾಕು" ಅಂದು ತಟ್ಟೆ ಎತ್ತಿದಳು. ಅಜ್ಜ ಹಾಗೆ ಬಿಡುವವನೇ? ರಾಜನಿಗೂ ಪಾದ್ರಿಗೂ ಹೊಟ್ಟೆ ಉರಿಯಲಿ ಅಂತಲೇ ರಿಬೆಲ್ಲೆ, ಅಂದರೆ ಬಂಡುಕೋರ, ಎಂದು ಹೆಸರಿಡಿಸಿಕೊಂಡವನು. ಮೊಮ್ಮಗ ಮಠ ಸೇರಿದ ಅವಮಾನವನ್ನು ತೊಳೆಯಲು ಮೊಮ್ಮಗಳೊಬ್ಬಳೇ ಉಳಿದಿದ್ದಾಳೆಂದು ಅವನ ನಂಬಿಕೆ. ನಮ್ಮ ವಂಶದಲ್ಲಿ ಕಲಿಯುವವರು ಅಂತ ಯಾರೂ ಇರಲಿಲ್ಲ, ಹುಟ್ಟುತ್ತಲೇ ಓಡಿಸುತ್ತಿದ್ದೆವು, ಸಣ್ಣ ಬೈಕಿನಿಂದ ಶುರು ಮಾಡುವುದು ಗುಡ್ಡದ ಆಚೆಯವರ ಪದ್ಧತಿ ಅಂತ ಅರ್ಧ ಗಂಟೆ ಭಾಷಣ ಮಾಡಿದ. ಅಪ್ಪ ಮಾತ್ರ ತಲೆ ಎತ್ತದೆ ಹೇಳಿದ: "ಓಡಿಸ್ಲಿ ಬಿಡು. ಮಾರೋದು ಬೇಡ." ನಾನು ಮೂರ್ಖಳು, ಇದು ನನ್ನ ಮೇಲಿನ ವಿಶ್ವಾಸ ಅಂದುಕೊಂಡು ಉಬ್ಬಿಹೋದೆ.

ಅಪ್ಪನ ಬಗ್ಗೆ ನಿನಗೆ ಒಂದು ವಿಷಯ ಯಾರೂ ಬರೆದಿರಲಾರರು. ನೀನು ಹೋದ ಮೇಲೆ ಅವನು ನಿನ್ನ ಹೆಸರು ಎತ್ತಿಲ್ಲ. ಅಮ್ಮ ನಿನ್ನನ್ನು ನೋಡಲು ಬಸ್ಸಿನಲ್ಲಿ ಹೊರಟಾಗಲೆಲ್ಲ ಅವನಿಗೆ ಹಿಟ್ಟಿನ ಮಿಲ್ಲಿನಲ್ಲಿ ಕೆಲಸ ಇರುತ್ತದೆ, ಮಿಲ್ಲಿಗೆ ರಜೆ ಇದ್ದ ದಿನವೂ. ಆದರೆ ಪ್ರತಿ ಶನಿವಾರ ಗ್ಯಾರೇಜಿಗೆ ಹೋಗಿ, ಬೈಕಿನ ಹೊದಿಕೆ ತೆಗೆದು, ಒರೆಸಿ, ಎಂಜಿನ್ ಚಾಲೂ ಮಾಡಿ, ಅದರ ಸದ್ದು ಸ್ವಲ್ಪ ಹೊತ್ತು ಕೇಳಿ, ಮತ್ತೆ ಹೊದಿಸಿ ಬರುತ್ತಾನೆ. ಮಗುವಿಗೆ ರಗ್ಗು ಹೊದಿಸಿದ ಹಾಗೆ. ಇದನ್ನು ತಮಾಷೆ ಮಾಡಲು ನನಗೂ ಧೈರ್ಯ ಬಂದಿಲ್ಲ ಅಂದರೆ ಲೆಕ್ಕ ಹಾಕಿಕೋ.

ಸಂತ ವಿಚೀನಿಯೋನ ಹಬ್ಬದ ದಿನ ಅಮ್ಮ ನನ್ನನ್ನು ಹಿಡಿದು ಕ್ಯಾಥೆಡ್ರಲ್‌ಗೆ ಎಳೆದೊಯ್ದಳು. ದೆವ್ವ ಹಿಡಿದವರು, ನಿದ್ದೆ ಬಾರದವರು, ತಲೆನೋವಿನವರು ಎಲ್ಲ ಸಾಲಾಗಿ ನಿಂತಿದ್ದರು. ನನ್ನ ಸರದಿ ಬಂದಾಗ ಪಾದ್ರಿ ದೆವ್ವ ಬಿಡಿಸುವ ಸಂತನ ಕಬ್ಬಿಣದ ಪಟ್ಟಿಯನ್ನು ಕುತ್ತಿಗೆಗೆ ಹಾಕಿ, ಏನು ಬಾಧೆ ತಾಯಿ ಅಂತ ಕೇಳಿದರು. ಬೈಕು, ಅಂದಳು ಅಮ್ಮ. ನಾನು ಅತ್ಯಂತ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡೆ. ಪಾದ್ರಿ ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಗ್ಗಿ "ಎಷ್ಟು ಸಿಸಿ?" ಅಂದರು. ಹೇಳಿದೆ. ಪ್ರಾರ್ಥನೆ ಮಿಕ್ಕವರದ್ದಕ್ಕಿಂತ ಉದ್ದವಾಯಿತು.

ಇನ್ನು ಸದರಿ ಪ್ರಾಣಿಯ ಸ್ವಭಾವ. ನಿನ್ನ ಕೈಯಲ್ಲಿ ಅದು ಹಾಡುತ್ತಿತ್ತು, ನನಗೆ ನೆನಪಿದೆ. ನನ್ನ ಕೈಯಲ್ಲಿ ಕೆಮ್ಮಿತು. ನಿಧಾನಕ್ಕೆ ಹೋಗು ಅಂದರೆ ಕಟ್ಟಿಹಾಕಿದ ಗೂಳಿಯ ಹಾಗೆ ಜಗ್ಗುತ್ತದೆ. ಸ್ವಲ್ಪ ಕಿವಿ ಹಿಂಡಿದೆನೋ, ನಾನು ಇಲ್ಲಿ, ಅದು ಅಲ್ಲಿ. ಮೊದಲನೇ ಗೇರಿನಲ್ಲೇ ನೂರ ನಲವತ್ತು ಮುಟ್ಟುತ್ತದಂತೆ. ಸಾರ್ಸಿನಾದಲ್ಲಿ ನೂರ ನಲವತ್ತು ಮುಟ್ಟುವಷ್ಟರಲ್ಲಿ ಊರೇ ಮುಗಿದಿರುತ್ತದೆ. ಇಡೀ ಮೈಭಾರ ಮುಂಗೈ ಮೇಲೆ, ತೊಡೆಯ ಕೆಳಗೆ ಒಲೆ, ತಿರುಗಿಸಲು ಹೋದರೆ ಹ್ಯಾಂಡಲ್ಲು ಅರ್ಧಕ್ಕೇ ನಿಲ್ಲುತ್ತದೆ. ಮಿಲ್ಲಿನ ಅಂಗಳದಲ್ಲಿ ಸುತ್ತು ಹೊಡೆಯುತ್ತಾ ಎರಡು ಸಲ ನಿಂತಲ್ಲೇ ಬಿದ್ದೆ. ಬಿದ್ದೆ ಅನ್ನುವುದು ತಪ್ಪು, ಬೈಕಿಗೆ ಮಲಗಬೇಕೆನಿಸಿತು, ನಾನು ಜೊತೆಗೆ ಹೋದೆ.

ಆದರೆ ನಮ್ಮೂರಿನಲ್ಲಿ ಯಾರು ಎಂಥ ಸವಾರ ಅಂತ ತೀರ್ಮಾನಿಸುವುದು ಲೈಸೆನ್ಸು ಅಲ್ಲವಲ್ಲ. ವಿಲ್ಮಾಳ ಬಾರಿನ ಮುಂದೆ ಬೈಕು ನಿಲ್ಲಿಸಿ ಕಾಫಿಗೆ ಒಳಗೆ ಹೋದೆಯೋ, ಬೆಂಚಿನ ಮುದುಕರು ಎದ್ದು ಬಂದು ಹಿಂದಿನ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ತಿರುವಿನಲ್ಲಿ ಪೂರ್ತಿ ಬಾಗಿದವನ ಟೈರು ಅಂಚಿನವರೆಗೂ ಸವೆದಿರುತ್ತದೆ. ಹೆದರಿದವನದ್ದು ಎರಡೂ ಅಂಚಿನಲ್ಲಿ ಹೊಚ್ಚ ಹೊಸ ಪಟ್ಟಿ. ಅದಕ್ಕೆ ಭಯದ ಪಟ್ಟಿ ಅಂತಲೇ ಹೆಸರು. ನೀನು ಮಠಕ್ಕೆ ಹೋಗುವ ತಿಂಗಳು ಹೊಸ ಟೈರು ಹಾಕಿಸಿದ್ದೆ, ಅದರ ಮೇಲೆ ಓಡಾಡಲೇ ಇಲ್ಲ. ಹಾಗಾಗಿ ನನ್ನ ಭಯದ ಪಟ್ಟಿ ಎರಡು ಬೆರಳು ಅಗಲ, ಊರ ಆಚೆಯಿಂದಲೂ ಕಾಣುವಂಥದ್ದು. ಬಾರಿನ ಕಡೆಗೆ ಹೋಗದೆ ಹಿಂದಿನ ಬೀದಿಯಲ್ಲಿ ಓಡಾಡಿಕೊಂಡಿದ್ದೆ. ಅಜ್ಜನಿಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಗ್ಯಾರೇಜಿಗೆ ಹೋಗಿ, ಅಮ್ಮನ ಚೀಸು ತುರಿಯುವ ತುರಿಮಣೆಯಿಂದ ಟೈರಿನ ಅಂಚುಗಳನ್ನು ಬಹಳ ಶ್ರದ್ಧೆಯಿಂದ ತುರಿದುಬಿಟ್ಟ. ಸಂಜೆ ಅಮ್ಮ ಸೂಪಿನ ಮೇಲೆ ತುರಿದ ಚೀಸಿನಲ್ಲಿ ಏನೋ ಕರೀ ಚುಕ್ಕೆ, ಏನೋ ರಬ್ಬರಿನ ವಾಸನೆ. ಕರಿಮೆಣಸು ಹೊಸದು ಅಂದ ಅಜ್ಜ, ಎರಡನೇ ಸಲ ಬಡಿಸಿಕೊಂಡ. ಸತ್ಯಕ್ಕಾಗಿ ಇಷ್ಟು ತ್ಯಾಗ ಮಾಡಿದವರು ಅನೇಕರಿದ್ದಾರೆ, ಸುಳ್ಳಿಗಾಗಿ ಮಾಡಿದವನು ಇವನೊಬ್ಬನೇ.

ಮರುದಿನ ಬಾರಿನ ಮುಂದೆ ನಿಂತೆ. ಮುದುಕರು ಕೂತರು, ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಲ್ಲಿನ ಡಾಕ್ಟರ್ ಮಿರ್ಕೋ, ನಿನ್ನ ಹಳೆಯ ಜೊತೆಗಾರ, ಕಪ್ಪು ಕನ್ನಡಕ ತೆಗೆದು ನನ್ನನ್ನು ಮೊದಲ ಸಲ ಮನುಷ್ಯಳೆಂಬಂತೆ ನೋಡಿದ. "ಲೋರಿಸನ ತಂಗಿ ಅಲ್ವಾ, ರಕ್ತ ಎಲ್ಲಿ ಹೋಗತ್ತೆ" ಅಂದ. ಭಾನುವಾರ ಮಾಂದ್ರಿಯೋಲಿ ಕಣಿವೆ ದಾರಿಗೆ ಎಲ್ಲರೂ ಹೋಗುತ್ತೇವೆ, ನೀನು ನನ್ನ ಹಿಂದೆಯೇ ಬಾ ಅಂದ. ನಾನು ಗಾಂಭೀರ್ಯದಿಂದ ತಲೆಯಾಡಿಸಿದೆ. ಅಲ್ಲಿ ಬೇಡ ಅನ್ನಬಹುದಿತ್ತು. ಬೇಡ ಅನ್ನಲು ಬೇಕಾದ ಒಂದೇ ಒಂದು ಮಾತು, ನನಗಿನ್ನೂ ಬರುವುದಿಲ್ಲ ಅನ್ನುವುದು, ನಮ್ಮೂರಲ್ಲಿ ಇದುವರೆಗೆ ಯಾರ ಬಾಯಿಂದಲೂ ಬಂದಿಲ್ಲ.

ಅಣ್ಣಾ, ಮುಂದಿನದನ್ನು ತಮಾಷೆಯಾಗಿ ಬರೆಯಲು ಎರಡು ಸಲ ಪ್ರಯತ್ನಿಸಿ ಹಾಳೆ ಹರಿದೆ. ಬಾನ್ಯೋ ಊರು ದಾಟಿದ ಮೇಲೆ ಏರು ಶುರುವಾಯಿತು. ಮೊದಲ ತಿರುವುಗಳು ಹೇಗೋ ಆದವು. ಮಿರ್ಕೋನ ಬೆನ್ನು ದೂರವಾಗುತ್ತಿತ್ತು, ಅದನ್ನು ಕಳೆದುಕೊಳ್ಳಬಾರದು ಅಂತ ಒಂದು ತಿರುವಿನ ನಡುವೆಯೇ ಆಕ್ಸಿಲರೇಟರ್ ತಿರುಗಿಸಿದೆ. ಹೆಚ್ಚಲ್ಲ, ಬಾಗಿಲ ಚಿಲಕ ಸರಿಸುವಷ್ಟು. ಮುಂದಿನ ಚಕ್ರ ಹಗುರಾಯಿತು. ಆಮೇಲೆ ಬೈಕು ಎಲ್ಲಿ ಹೋಗುತ್ತಿದೆಯೋ ಅಲ್ಲಿಗೇ ನನ್ನ ಕಣ್ಣೂ ಹೋಯಿತು, ಕಣ್ಣು ಹೋದ ಕಡೆಗೇ ಬೈಕು. ಎದುರಿನಿಂದ ಬರುವವರ ದಾರಿಯನ್ನು ಅಡ್ಡಲಾಗಿ ದಾಟಿ ಆಚೆಯ ಜಲ್ಲಿಯಲ್ಲಿ ನಿಂತೆ. ಬೀಳಲಿಲ್ಲ. ಹೆಲ್ಮೆಟ್ಟಿನೊಳಗೆ ನನ್ನ ಉಸಿರು ಕೇಳುತ್ತಿತ್ತು. ಅಷ್ಟರಲ್ಲಿ ಹಾಲಿನ ಲಾರಿಯೊಂದು ಮೇಲಿನಿಂದ ಬಂದು, ನಾನು ಆಗಷ್ಟೇ ದಾಟಿದ ಜಾಗದ ಮೇಲೆ ಹಾದು, ತನ್ನ ಪಾಡಿಗೆ ಇಳಿದುಹೋಯಿತು. ಡ್ರೈವರ್ ಕೈ ಬೀಸಿದ. ನಾನೂ ಬೀಸಿದೆ.

ಮಿರ್ಕೋ ವಾಪಸ್ ಬಂದಾಗ ನಾನು ಕೈಗವಸು ಬಿಚ್ಚಲಾಗದೆ ಕೂತಿದ್ದೆ. "ನಂಗೆ ಓಡಿಸಕ್ಕೆ ಬರಲ್ಲ, ಮಿರ್ಕೋ. ನಾನಿನ್ನೂ ಕಲೀತಾ ಇದೀನಿ" ಅಂದೆ. ನಗುತ್ತಾನೆ ಅಂದುಕೊಂಡಿದ್ದೆ. ಅವನು ಪಕ್ಕದಲ್ಲಿ ಜಲ್ಲಿಯ ಮೇಲೆ ಕೂತು, ಒಂದೊಂದೇ ಬೆರಳು ಹಿಡಿದು ನನ್ನ ಕೈಗವಸು ಎಳೆದ. ಹತ್ತು ವರ್ಷದಿಂದ ಈ ತಿರುವಿಗೆ ಬರುವಾಗ ತನ್ನ ಬಾಯಿ ಒಣಗುತ್ತದೆ, ಇದುವರೆಗೆ ಯಾರಿಗೂ ಹೇಳಿಲ್ಲ ಅಂದ. ಆಮೇಲೆ ಟೈರು ನೋಡಿ, ಬೆರಳಿನಿಂದ ಸವರಿ, ಇದು ರಸ್ತೆ ಸವೆಸಿದ್ದಲ್ಲ, ಯಾವ ಅಂಗಡಿಯ ತುರಿಮಣೆ ಇದು ಅಂತ ಕೇಳಿದ. ಹಲ್ಲಿನ ಡಾಕ್ಟರು, ಅಂಚುಗಳ ಪರಿಚಯ ಇರುತ್ತದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಾ ನಾನು ಅತ್ತೆ, ಆ ಭಾಗ ಅಮ್ಮನಿಗೆ ಬರೆಯಬೇಡ.

ಬೈಕನ್ನು ಒಯ್ಯಲು ಅಪ್ಪ ಮಿಲ್ಲಿನ ವ್ಯಾನು ತಂದ. ಬೈಯಲಿಲ್ಲ. ಹಗ್ಗ ಕಟ್ಟುವಾಗ ಅವನ ಕೈ ಆ ಟೈರಿನ ಅಂಚಿಗೆ ತಾಗಿತು, ಅಲ್ಲೇ ನಿಂತಿತು. ಅಜ್ಜನ ಘನಕಾರ್ಯವನ್ನು ಹೇಳಿದೆ, ನಗಲಿ ಅಂತ. ನಗಲಿಲ್ಲ. ಊರಿನ ದಾರಿಯ ಅರ್ಧದಲ್ಲಿ, ಕಣ್ಣು ರಸ್ತೆಯ ಮೇಲೆಯೇ ಇಟ್ಟುಕೊಂಡು, ಹೇಳಿದ:

"ಹೊಸ ಟೈರು ಹಾಕಿಸಿ ಹೋಗಿದಾನೆ, ಅಂದ್ರೆ ವಾಪಸ್ ಬರ್ತಾನೆ ಅಂದ್ಕೊಂಡಿದ್ದೆ ಕಣೆ. ಬರೋ ಮನಸ್ಸಿಲ್ದೋನು ಯಾರಾದ್ರೂ ಟೈರು ಹಾಕಿಸ್ತಾರಾ? ಅದಕ್ಕೇ ಮಾರೋದು ಬೇಡ ಅಂದಿದ್ದು. ನಿನಗೋಸ್ಕರ ಅಲ್ಲ." ಒಂದು ತಿರುವು ದಾಟಿಸಿ, "ಒಂದು ಬೈಕು ಉಳಿಸ್ಕೊಳಕ್ಕೆ ನಿನ್ನನ್ನ ಅದರ ಮೇಲೆ ಕೂರಿಸ್ದೆ" ಅಂದ.

ನೀನು ಮಠದಲ್ಲಿ ಚೆನ್ನಾಗಿದ್ದೀಯ, ಅಮ್ಮ ಬಂದು ಹೇಳುವುದೆಲ್ಲ ನಿಜ, ಸಮಾಧಾನಕ್ಕೆ ಹೇಳುವ ಮಾತಲ್ಲ, ಅಂದೆ. ಅವನು ಗೇರು ಬದಲಾಯಿಸಿದ.

ಹಾಗಾಗಿ ತೀರ್ಪು: ಇನ್ನೂರು ಕುದುರೆಗಳು ಕಲಿಯುವವಳಿಗೆ ಹೊಂದುವುದಿಲ್ಲ. ಕುದುರೆಗಳದ್ದೇನೂ ತಪ್ಪಿಲ್ಲ; ಸಣ್ಣ ತಪ್ಪು ಮಾಡಿ ಸಣ್ಣದಾಗಿ ಬೀಳುವ ಅವಕಾಶವನ್ನು ಅವು ಕೊಡುವುದಿಲ್ಲ, ಕಲಿಯುವುದು ಅಂದರೆ ಅದೇ ತಾನೇ. ಬೈಕು ಮಿರ್ಕೋನ ಪರಿಚಯದವರೊಬ್ಬರಿಗೆ ಹೋಗುತ್ತಿದೆ, ಬಂದ ಹಣ ನೀನು ಹೇಳಿದ ಕಡೆಗೆ. ನನಗೆ ಅಜ್ಜನ ಹಳೆಯ ನೂರೈವತ್ತು ಸಿಸಿ ಬೈಕು ಸಿಕ್ಕಿದೆ, ಊರಿನ ಹುಡುಗರು ಅದನ್ನು ಹೊಲಿಗೆ ಯಂತ್ರ ಅಂತಾರೆ. ಅಂದುಕೊಳ್ಳಲಿ. ನಿನ್ನೆ ಅದರ ಮೇಲೆ ಆ ತಿರುವಿನ ತನಕ ಹೋಗಿ ಬಂದೆ. ಎಡಕ್ಕೆ ಬಾಗಬೇಕಾದಾಗ ಎಡಕ್ಕೆ ಬಾಗಿತು. ಇಷ್ಟು ಖುಷಿ ಇದೆ ಅಂತ ನೀನು ಯಾಕೆ ಮೊದಲೇ ಹೇಳಲಿಲ್ಲ? ವಿಲ್ಮಾಳ ಬಾರಿನಲ್ಲಿ ನಿಲ್ಲಿಸಿ, ನಾನು ಕಲಿಯುತ್ತಿದ್ದೇನೆ, ಯಾರಾದರೂ ಇಳಿಜಾರು ಹೇಳಿಕೊಡಿ ಅಂತ ಗಟ್ಟಿಯಾಗಿ ಕೇಳಿದೆ. ಬೆಂಚಿನಿಂದ ಮೂರು ಮುದುಕರು ಒಟ್ಟಿಗೇ ಎದ್ದರು, ಯಾರು ಹೇಳಿಕೊಡಬೇಕು ಅಂತ ಇನ್ನೂ ಜಗಳ ನಡೆದಿದೆ.

ಅಮ್ಮನ ಆಶೀರ್ವಾದ, ಅಜ್ಜನ ನಿರಾಶೀರ್ವಾದ (ಅವನು ದೇವರ ಹೆಸರಿಲ್ಲದೆ ಹರಸಿದ್ದಾನೆ, ಗುಣಮಟ್ಟ ಒಂದೇ). ಮೊಣಕಾಲು ನೋಡಿಕೋ. ಮಠದ ಹಿರಿಯರಿಗೆ ನನ್ನ ನಮಸ್ಕಾರ, ನನ್ನ ಬಗ್ಗೆ ಹೆಚ್ಚು ಹೇಳಬೇಡ.

ಎಂದೆಂದಿಗೂ ನಿನ್ನ ತಂಗಿ,
ಇಲೇನಿಯಾ

ಮರೆತಿದ್ದೆ: ಅಮ್ಮನ ಕೈಗೇ ಕೊಟ್ಟು ಬೇಗ ಕಳಿಸುತ್ತಿದ್ದೇನೆ, ಯಾಕೆಂದರೆ ಈ ಭಾನುವಾರ ಬರುತ್ತಿದ್ದೇನೆ, ಹೊಲಿಗೆ ಯಂತ್ರದ ಮೇಲೆ. ಒಬ್ಬಳೇ ಅಲ್ಲ. ಬೆಳಿಗ್ಗೆ ಅಪ್ಪ ಬಂದು, ಅದರ ಮೇಲೆ ಇಬ್ಬರು ಕೂರಬಹುದಾ ಅಂತ ಕೇಳಿದ. ವ್ಯಾನಿನಲ್ಲಿ ಹೋಗೋಣ ಅಂದೆ. ಬೇಡ, ನಿಧಾನಕ್ಕೆ ಹೋಗೋಣ, ಲೋರಿಸ್‌ಗೆ ಏನು ಹೇಳಬೇಕು ಅಂತ ಯೋಚಿಸಕ್ಕೆ ದಾರಿ ಸಾಕಾಗಬೇಕು ಅಂದ. ಹೌದು, ಹೆಸರು ಹಿಡಿದೇ ಅಂದ. ಈಗಷ್ಟೇ ಅಂಗಳದಲ್ಲಿ ಅಭ್ಯಾಸ ಮಾಡಿದೆವು, ತಿರುವು ಬಂದರೆ ತಪ್ಪು ಕಡೆಗೇ ಬಾಗುತ್ತಾನೆ. ಹಾಗಾಗಿ ಊಟದ ಹೊತ್ತಿಗೆ ಖಂಡಿತ ತಲುಪುವುದಿಲ್ಲ. ಅವನಿಗೊಂದು ತಟ್ಟೆ ಎತ್ತಿಟ್ಟಿರು. ಹಸಿವಿಲ್ಲ ಅಂತಾನೆ. ನಂಬಬೇಡ.