ಅಪ್ಪನ "ಬರ್ತೀವಿ"

ಅಕ್ಕಾ,
ಅಡುಗೆಮನೆ, ಹಾಸಿಗೆ ಸಮೇತ ನಮ್ಮ ಗಾಡಿ ನಿಧಾನವಾಗಿ ದೇಶ ಸುತ್ತುತ್ತಿದೆ. ನಿನ್ನೆ ಬೆಳಿಗ್ಗೆ ಹೊರಡುವಾಗ ಅಪ್ಪ, ಗಾಡಿ ನಿಲ್ಲಿಸಲು ಅಂಗಳ ಕೊಟ್ಟಿದ್ದ ಅಜ್ಜಿಗೆ, ನಮ್ಮೂರ ರೂಢಿಯಂತೆ, ಆದರೆ ಆಕೆಯ ಭಾಷೆಯಲ್ಲಿ, "ಬರ್ತೀವಮ್ಮ" ಅಂದುಬಿಟ್ಟರು. ಮರೆತುಬಂದ ನೀರಿನ ಪೈಪಿಗಾಗಿ ಸಂಜೆ ವಾಪಸ್ ಹೋದರೆ, ಆಕೆ ಅಂಗಳವನ್ನು ಯಾರಿಗೂ ಕೊಡದೆ, ನಮಗೆಲ್ಲ ಸೂಪ್ ಕಾಯಿಸಿಟ್ಟುಕೊಂಡು ಕೂತಿದ್ದಾರೆ! "ಬರ್ತೀವಿ ಅಂದೋರು ಇಷ್ಟು ಹೊತ್ತಾ ಮಾಡೋದು?" ಎಂದು ಗದರಿಕೆ ಬೇರೆ. ಅಪ್ಪ ಪೈಪಿನ ಸುದ್ದಿಯೇ ಎತ್ತದೆ ಊಟಕ್ಕೆ ಕೂತರು.

ಅಪ್ಪನ ಸೊಂಟನೋವು ವಾಸಿ, ಚಿಂತೆ ಬೇಡ. ಆದರೆ ಇವತ್ತು "ಹೋಗ್ತೀವಿ" ಅನ್ನಲು ಅವರಿಗೆ ಬಾಯಿ ಬರುತ್ತಿಲ್ಲ, "ಬರ್ತೀವಿ" ಅನ್ನಲು ಧೈರ್ಯವಿಲ್ಲ. ಹಾಗಾಗಿ ಇನ್ನೂ ಇಲ್ಲೇ ಇದ್ದೇವೆ.

ಊರಿಂದ ಹೊರಡುವಾಗ ನಿನಗೆ ಬಾಗಿಲಲ್ಲಿ ಅಂದದ್ದು ಮಾತ್ರ ಸುಳ್ಳಲ್ಲ, ಬರ್ತೀವಿ.
ನಿನ್ನ ತಂಗಿ