ನಾಲ್ಕು ತಾಸಿನ ದೂರ

ದೋಸ್ತ ಇಮ್ತಿಯಾಜ್,

ಕುವೈತಿಗೆ ಹೊರಟ ದಿನ ನಮ್ಮ ಗ್ಯಾರೇಜಿನಲ್ಲಿ ನಿಂತು ನೀನು ಹೇಳಿದ್ದು ನೆನಪಿದೆಯಾ? ನಿನ್ನ ಅಬ್ಬಾ, ನನ್ನ ಚಾಚಾ, ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. "ಅಬ್ಬಾ, ಗೋವಾದಾಗ ವಿಮಾನ ಹತ್ತಿದರ ನಾಲ್ಕ ತಾಸು ಅಷ್ಟ. ದಾಂಡೇಲಿಯಿಂದ ಬಸ್ಸು ಬೆಂಗಳೂರು ಮುಟ್ಟೂದರಾಗ ನಾ ಬಂದು ತಿರುಗಿ ಹೋಗಿರ್ತೇನಿ" ಅಂದೆ. "ಮೂರು ಸಾವಿರ ಕಿಲೋಮೀಟರ್ ನಿನಗ ಹತ್ರ ಏನಲೇ?" ಎಂದು ನಾನು ನಕ್ಕೆ. ಚಾಚಾ ನಗಲಿಲ್ಲ, ಆದರೆ ಆ ನಾಲ್ಕು ತಾಸನ್ನು ನಂಬಿಬಿಟ್ಟರು.

ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಾಗಲೇ ನಿನ್ನ ಎದೆಬಡಿತ ನಿಂತಿತು ಎಂದು ಅಲ್ಲಿಂದ ಫೋನ್ ಬಂತು. ಅದೇನು ಹೋಗುವ ವಯಸ್ಸೇನೋ? ಆಮೇಲೆ ನಿನ್ನನ್ನು ಊರಿಗೆ ಕಳಿಸಲು ಅಲ್ಲಿಯವರು ದಿನಕ್ಕೊಂದು ಕಾಗದ ಕೇಳಿದರು. ಕೊನೆಗೊಂದು ದಿನ ನಿನ್ನನ್ನು ಕೆಲಸಕ್ಕಿಟ್ಟವರು, ಪೆಟ್ಟಿಗೆಯನ್ನು ವಿಮಾನಕ್ಕೆ ಹಾಕಿದ್ದೇವೆ ಅಂದರು. ನಾನು ಗಾಡಿ ತೆಗೆದುಕೊಂಡು ಜೋಯಿಡಾ ದಾಟಿ ಗೋವಾಕ್ಕೆ ಓಡಿದೆ. ಇತ್ತ ಚಾಚಾ ನಾಲ್ಕು ತಾಸಿನ ಲೆಕ್ಕ ಹಿಡಿದು ಕಬರಸ್ತಾನಕ್ಕೆ ಹೋಗಿ, ನಿನ್ನ ಅಮ್ಮಿಯ ಗೋರಿಯ ಪಕ್ಕದಲ್ಲಿ ಗುಂಡಿ ತೋಡಿಸಿದರು. "ಮಯ್ಯತ್ ಬಂದ ಮ್ಯಾಲ ಕಾಯಿಸಬಾರದಪಾ. ದಣದು ಬರ್ತಾನ, ಬಂದಕೂಡ್ಲೆ ಮಲಗಲಿ" ಅಂದರಂತೆ.

ವಿಮಾನ ಬಂತು, ನೀನು ಬರಲಿಲ್ಲ. ಯಾವುದೋ ಒಂದು ಸಹಿ ಉಳಿದಿದೆಯೆಂದು ಪೆಟ್ಟಿಗೆಯನ್ನು ಕುವೈತಿನಲ್ಲೇ ಇಳಿಸಿಕೊಂಡಿದ್ದರು. ಖಾಲಿ ಗಾಡಿಯಲ್ಲಿ ಘಾಟ್ ಹತ್ತುವಾಗ ನನ್ನ ಬಾಯಲ್ಲಿ ಬೈಗುಳ ಬಿಟ್ಟು ಬೇರೆ ಮಾತಿರಲಿಲ್ಲ. ಅವರನ್ನು ಬೈದೆ, ನಿನ್ನನ್ನೂ ಬೈದೆ. ನಾಲ್ಕು ತಾಸಂತೆ! ಚಾಚಾನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ...

ಅಷ್ಟರಲ್ಲಿ ಮಳೆ ಹಿಡಿಯಿತು. ಗುಂಡಿಯ ಮೇಲೆ ಗ್ಯಾರೇಜಿನ ತಗಡು ಹೊದಿಸಿದೆವು. ಆದರೂ ನೀರು ಇಳಿಯುತ್ತಿತ್ತು. ಚಾಚಾ ದಿನಾ ಹೋಗಿ ಡಬ್ಬಿಯಿಂದ ಮೊಗೆದು ಚೆಲ್ಲುತ್ತಿದ್ದರು. ಮಸೀದಿಯ ಹಿರಿಯರು "ಖಾಲಿ ಕಬರ್ ಹಿಂಗ ಬಿಡಬಾರದ್ರಿ" ಎಂದರೂ ಕೇಳಲಿಲ್ಲ. ಆಮೇಲೊಂದು ಬೆಳಿಗ್ಗೆ ಡಬ್ಬಿ ಕೆಳಗಿಟ್ಟು, ನನ್ನ ಫೋನ್ ಇಸಿದುಕೊಂಡು ಕುವೈತಿನವರಿಗೆ ಹಚ್ಚಿದರು. "ಅಲ್ಲೇ ಮಣ್ಣು ಮಾಡ್ರಿ. ನನ್ನ ಮಗನ್ನ ಇನ್ನ ಕಾಯಿಸಬ್ಯಾಡ್ರಿ" ಎಂದರು. ಗುಂಡಿ ಮುಚ್ಚಿಸಿ, ತೋಡಿದವನಿಗೆ "ಈ ಜಾಗಾ ಯಾರಿಗೂ ಕೊಡಬ್ಯಾಡ" ಎಂದು ಹೇಳಿದರು. ನನಗೆ ಆಗಲೇ ತಿಳಿಯಬೇಕಿತ್ತು.

ಇಮ್ತಿಯಾಜ್, ಹೋದ ಶುಕ್ರವಾರ ಚಾಚಾ ತೀರಿಕೊಂಡರು. ಮನೆಯಿಂದ ಕಬರಸ್ತಾನಕ್ಕೆ ದೂರವೇನಿಲ್ಲ, ಹೆಗಲ ಮೇಲೆ ಹೊತ್ತು ನಡೆದೇ ಹೋದೆವು. ಅದೇ ಜಾಗ. ಮಣ್ಣು ಇನ್ನೂ ಸಡಿಲವಾಗಿತ್ತು, ತೋಡಲು ಹೊತ್ತು ಹಿಡಿಯಲಿಲ್ಲ. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ನಾನೂ ಹಾಕಿ ಹಿಂದೆ ಸರಿದೆ. ಮಸೀದಿಯ ಹಿರಿಯರು ನನ್ನ ತೋಳು ಹಿಡಿದು ನಿಲ್ಲಿಸಿದರು. "ಬಸು, ಇಮ್ತಿಯಾಜನ ಪಾಲಿಂದೂ ನೀನ ಹಾಕಪಾ" ಅಂದರು.

ಹಾಕಿದೆನೋ.

ನಿನ್ನ ಬಸು